ಸೋಸಿದ ನಡುಕ

ಅಡುಗೆ ಬರ್ನಡೀನಳದು, ಉಪ್ಪು ಕ್ಯಾಸ್‌ನದು. ಈ ಅಣ್ಣ ತಂಗಿಯ ಸಂಗೀತದ ಬಗ್ಗೆ ಅಮೆರಿಕದ ಬಫಲೋ ಊರಿನ ಪೂರ್ವದ ಕಡೆಯವರು ಹೀಗೆ ಹೇಳುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎಂದು ಗೊತ್ತಿದ್ದವರು ಆಡಿದ ಮಾತಾದರೂ ಬರ್ನಡೀನ್ ಅದಕ್ಕೆ ಎಂದೂ ಮುನಿಸಿಕೊಂಡವಳಲ್ಲ.

ಅವರು ನುಡಿಸುತ್ತಿದ್ದದ್ದು ಹಳೆಯ ಕಾಲದ, ಬಿಡಿ ಬಿಡಿ ಭಾಗಗಳನ್ನು ವೈರಿನಿಂದ ಜೋಡಿಸಿಕೊಳ್ಳುವ ಸಿಂಥಸೈಸರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ. ಕಪಾಟಿನಷ್ಟು ಎತ್ತರದ ಮರದ ಪೆಟ್ಟಿಗೆ, ಮುಖದ ತುಂಬ ತಿರುಗಿಸುವ ಗುಂಡಿಗಳು, ಒಂದು ತೂತಿನಿಂದ ಇನ್ನೊಂದು ತೂತಿಗೆ ಇಳಿಬಿದ್ದ ವೈರುಗಳು. ಅದರಲ್ಲಿ ಒಂದು ಭಾಗ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಆ ಸ್ವರವನ್ನು ಅಲುಗಿಸುತ್ತದೆ. ಅಲುಗಿಸದೆ ಬಿಟ್ಟರೆ ಅದು ಸ್ವರವಲ್ಲ, ಫ್ರಿಜ್ಜಿನ ಗುಂಯ್ ಎನ್ನುವ ಸದ್ದು. ಸರಿ, ಅಲುಗಿಸಬೇಕು, ಆದರೆ ಎಷ್ಟು? ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಕುಡುಕನ ಹಾಡು. ಈ ‘ಎಷ್ಟು’ ಎನ್ನುವುದೇ ಇಡೀ ವಿದ್ಯೆ. ಪುಸ್ತಕದವರು ಇದಕ್ಕೆ ಮಾಡ್ಯುಲೇಷನ್ ಮಟ್ಟ, ಅದು, ಇದು ಎಂದು ಹೆಸರಿಟ್ಟು ಪುಟಗಟ್ಟಲೆ ಬರೆಯುತ್ತಾರೆ. ಬರೆದವರಲ್ಲಿ ಅರ್ಧದಷ್ಟು ಜನ ನುಡಿಸಿದರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.

ಬೇರೆಯವರು ಈ ಅಳತೆಯನ್ನೂ ಯಂತ್ರಕ್ಕೇ ಒಪ್ಪಿಸಿಬಿಡುತ್ತಾರೆ. ಒಂದು ವೋಲ್ಟೇಜು ಇನ್ನೊಂದು ವೋಲ್ಟೇಜನ್ನು ಏರಿಸಿ ಇಳಿಸಿ ಮಾಡಿಕೊಳ್ಳುತ್ತಿರುತ್ತದೆ, ಮನುಷ್ಯ ಕೈಕಟ್ಟಿ ನಿಂತು ತಲೆದೂಗುತ್ತಿರುತ್ತಾನೆ. ಕ್ಯಾಸ್‌ಗೆ ಇದು ಸೇರುತ್ತಿರಲಿಲ್ಲ. ಎಷ್ಟು ಎಂದು ಹೇಳಬೇಕಾದದ್ದು ಕೈ, ಯಂತ್ರಕ್ಕೇನು ಗೊತ್ತು ಎನ್ನುತ್ತಿದ್ದ. ಹಾಗಾಗಿ ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ವೈರು ಹಾಕಿ ಸ್ವರ ಕಟ್ಟುವುದು ಬರ್ನಡೀನಳ ಪಾಲು. ಹುಡುಗಿಯಾಗಿದ್ದಾಗ ಊರಿನಲ್ಲಿದ್ದ ಸಿಂಥಸೈಸರ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವಳು, ಆಮೇಲೆ ಚರ್ಚುಗಳ ಆರ್ಗನ್ ರಿಪೇರಿ ಮಾಡಿಕೊಂಡೇ ಬದುಕು ಕಳೆದವಳು ಅವಳು. ಕ್ಯಾಸ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವಳೇ ಮಾಡಿಕೊಟ್ಟಿದ್ದ ಆರು ಗುಂಡಿಗಳ ಚಿಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಡಬ್ಬಿಯಿಂದ ಕಪಾಟಿಗೆ ಒಂದು ದಪ್ಪ ಕೇಬಲ್. ಆ ಆರು ಗುಂಡಿಗಳಲ್ಲೇ ಅವನು ಸ್ವರಕ್ಕೆ ಉಸಿರು ತುಂಬುತ್ತಿದ್ದ. ನಿಧಾನವಾಗಿ ಏರಿಸಿ, ಏರಿಸಿ, ಕೇಳುವವರು ಇನ್ನು ಸಾಕು ಎಂದುಕೊಳ್ಳುವ ಹೊತ್ತಿಗೆ ಫಕ್ಕನೆ ಹಿಂದಕ್ಕೆ ಸೆಳೆದುಬಿಡುತ್ತಿದ್ದ. ಸ್ವರ ಬಿಕ್ಕಿ ನಿಂತ ಹಾಗಾಗುತ್ತಿತ್ತು. ಆ ಸೆಳೆತ ಕ್ಯಾಸ್‌ನದೇ, ಇನ್ನೊಬ್ಬರಿಗೆ ಬರುವಂಥದಲ್ಲ ಎಂದು ಎಲ್ಲರೂ ತಿಳಿದಿದ್ದರು.

ಎಪ್ಪತ್ತು ದಾಟಿದ ಮೇಲೆ ಕ್ಯಾಸ್‌ನ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಕಾಣಿಸಿತು, ಆಮೇಲೆ ಅಂಗಿಯ ಗುಂಡಿಯಲ್ಲಿ. ಡಾಕ್ಟರು ಪಾರ್ಕಿನ್ಸನ್ ಎಂದರು, ಮಾತ್ರೆ ಬರೆದುಕೊಟ್ಟರು, ಆಗಾಗ ಬಂದು ತೋರಿಸಬೇಕು, ಮಾತ್ರೆ ಹೆಚ್ಚಿಸಬೇಕಾಗಬಹುದು ಎಂದರು. ರಾಚೆಸ್ಟರಿನಲ್ಲಿದ್ದ ಮಗಳು ರೆನಾಟ ಬಂದು ಅಪ್ಪನ ಕಾರಿನ ಕೀಲಿ ಇಸಿದುಕೊಂಡು ಹೋದಳು. ಕ್ಯಾಸ್ ಅದನ್ನೆಲ್ಲ ಹೇಗೋ ನುಂಗಿಕೊಂಡ. ಹೆಂಡತಿ ಹೋದ ಮೇಲೆ ಅವನಿಗೆ ಉಳಿದಿದ್ದದ್ದು ವಾರಕ್ಕೆರಡು ಸಲ ತಂಗಿಯ ಮನೆಯ ನೆಲಮಾಳಿಗೆಗೆ ಬಂದು ನುಡಿಸುವುದೊಂದೇ. ಅದಿದ್ದರೆ ಸಾಕು ಎನ್ನುತ್ತಿದ್ದ.

ಆದರೆ ಆ ಹಾಳು ನಡುಕ ಅಲ್ಲಿಗೂ ಬಂತು. ಲೋಟ ನಡುಗಿದರೆ ನಾಲ್ಕು ಹನಿ ಕಾಫಿ ಚೆಲ್ಲುತ್ತದೆ, ಒರೆಸಿದರಾಯಿತು. ಗುಂಡಿ ಹಿಡಿದ ಬೆರಳು ನಡುಗಿದರೆ ಇಡೀ ಸ್ವರ ನಡುಗುತ್ತದೆ, ದೊಡ್ಡ ಸ್ಪೀಕರುಗಳಲ್ಲಿ, ಊರವರ ಮುಂದೆ. ವಸಂತದಲ್ಲಿ ಎಲ್ಮ್‌ವುಡ್ ರಸ್ತೆಯ ಒಂದು ಗ್ಯಾಲರಿಯಲ್ಲಿ ನುಡಿಸಿದಾಗ ಹಾಗೇ ಆಯಿತು. ನಿಧಾನವಾಗಿ ಏರಬೇಕಾದ ಸ್ವರ ಚಳಿಗೆ ಸಿಕ್ಕಂತೆ ಗಡಗಡ ಎಂದಿತು. ಬರ್ನಡೀನ್ ತಲೆ ತಗ್ಗಿಸಿ ವೈರು ಸರಿಪಡಿಸುವವಳಂತೆ ನಟಿಸಿದಳು. ಮುಗಿದ ಮೇಲೆ ಗಡ್ಡದ ಯುವಕನೊಬ್ಬ ಕ್ಯಾಸ್‌ನ ಕೈ ಕುಲುಕಿ, ಆ ನಡುಕದ ಪರಿಣಾಮ ಅದ್ಭುತವಾಗಿತ್ತು, ಯಂತ್ರದ ಯಾವ ಭಾಗದಿಂದ ತೆಗೆದಿರಿ ಎಂದು ಕೇಳಿದ. ಪಾಪ, ಮನಸಾರೆ ಮೆಚ್ಚಿಯೇ ಕೇಳಿದ್ದ. ಕ್ಯಾಸ್ ತನ್ನ ಬಲಗೈಯನ್ನು ಮೆಲ್ಲನೆ ಬಿಡಿಸಿಕೊಂಡು ಕೋಟಿನ ಜೇಬಿಗೆ ಹಾಕಿಕೊಂಡ.

ಅಂದು ಮನೆಗೆ ಬಂದವನೇ ಒಂದು ಮಾತು ಹೇಳಿದ. ಅಕ್ಟೋಬರಿನಲ್ಲಿ ಅವರ ಚರ್ಚಿನ ಸಭಾಂಗಣದಲ್ಲಿ ಸುಗ್ಗಿಯ ಊಟದ ದಿನ ಪ್ರತಿ ವರ್ಷ ಇವರದೊಂದು ಕಾರ್ಯಕ್ರಮ ಇರುತ್ತಿತ್ತು. ಅಲ್ಲಿಯೂ ಹೀಗೆಯೇ ಆದರೆ ತಾನು ಡಬ್ಬಿ ಕೆಳಗಿಡುತ್ತೇನೆ, ಮತ್ತೆ ಮುಟ್ಟುವುದಿಲ್ಲ ಎಂದ. ಕ್ಯಾಸ್ ಮಾತು ಕೊಟ್ಟರೆ ಕೊಟ್ಟಂತೆಯೇ. ಸಿಗರೇಟು ಬಿಟ್ಟದ್ದೂ ಹೀಗೆಯೇ, ಒಂದು ಮಧ್ಯಾಹ್ನ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ.

ಬರ್ನಡೀನ್‌ಗೆ ದಿಗಿಲಾಯಿತು. ನುಡಿಸುವುದನ್ನೂ ಬಿಟ್ಟರೆ ಅಣ್ಣ ಪಕ್ಕದ ಚೀಕ್ಟೊವಾಗದಲ್ಲಿದ್ದ ತನ್ನ ಮಹಡಿ ಮನೆಯಲ್ಲಿ ಒಬ್ಬನೇ ಟೀವಿ ಮುಂದೆ ಕೂತು ಸವೆದುಹೋಗುತ್ತಾನೆ ಎಂದು ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಉಪಾಯವೇನೂ ದೊಡ್ಡದಲ್ಲ, ಬೆಸುಗೆ ಹಾಕಲು ಬರುವ ಯಾರಿಗಾದರೂ ಗೊತ್ತು. ಗುಂಡಿಯ ಹಿಂದೆ ಒಂದು ಕೆಪಾಸಿಟರು, ಒಂದು ರೆಸಿಸ್ಟರು ಹಾಕಿದರೆ ಬೆರಳಿನ ಚಿಕ್ಕ ಚಿಕ್ಕ ನಡುಕವೆಲ್ಲ ಅಲ್ಲೇ ಸೋಸಿ ನಿಲ್ಲುತ್ತದೆ, ದೊಡ್ಡ ಚಲನೆ ಮಾತ್ರ ಮುಂದೆ ಹೋಗುತ್ತದೆ. ಜೂನಿನಲ್ಲಿ ಒಂದು ದಿನ ಪಿಯೆರೋಗಿ ಕಡುಬು ಕರಿಯುತ್ತ ಅವಳು ಇದನ್ನು ಹಗುರವಾಗಿ ಪ್ರಸ್ತಾಪಿಸಿದಳು.

“ಸೋಸೋದಾ?” ಎಂದ ಕ್ಯಾಸ್. “ನನ್ ಕೈನ ಸೋಸ್ಕೊಂಡು ನುಡಿಸೋದಾದ್ರೆ ನಾನ್ಯಾಕೆ ಬೇಕು? ಜರಡಿನೇ ಕೂರಿಸ್ಕೋ ಕುರ್ಚಿ ಮೇಲೆ.”

“ಎಲ್ರೂ ಹಾಕ್ತಾರೆ ಕಣೋ. ಅದೇನು ಮಹಾಪಾಪ ಅಲ್ಲ.”

“ಎಲ್ರೂ ಹಾಕ್ಲಿ. ನಾನು ನಡುಗಿದ್ರೆ ನಡುಗಿದ್ದೇ ಕೇಳ್ಬೇಕು, ಇಲ್ಲ ಅಂದ್ರೆ ನಾನು ಎದ್ದು ಹೋಗ್ಬೇಕು. ನಡುವೆ ಇನ್ನೊಂದು ಬೇಡ.”

ಅಲ್ಲಿಗೆ ಮಾತು ಮುಗಿಯಿತು. ಕಡುಬಿಗೆ ಹುಳಿ ಕೆನೆ ಇದೆಯಾ ಎಂದು ಕೇಳಿದ, ಅವಳು ಕೊಟ್ಟಳು, ತಿಂದರು.

ಆಗಸ್ಟಿನಲ್ಲಿ, ಕ್ಯಾಸ್ ಮಗಳ ಮನೆಗೆ ಹೋಗಿದ್ದಾಗ, ಬರ್ನಡೀನ್ ಡಬ್ಬಿಯ ತಿರುಪು ಬಿಚ್ಚಿದಳು. ಅಣ್ಣನಿಗೆ ಬೇಡವೆನ್ನಿಸಿದ್ದನ್ನು ಅಣ್ಣನಿಗಾಗಿಯೇ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಜಗತ್ತಿನ ಅರ್ಧ ಅನ್ಯಾಯ ಈ ಮಾತಿನ ಮೇಲೇ ನಡೆಯುತ್ತದೆ, ಆದರೂ ಹೇಳಿಕೊಳ್ಳುವಾಗ ಎಷ್ಟು ಬೆಚ್ಚಗಿರುತ್ತದೆ. ಆರೂ ಗುಂಡಿಗಳ ಹಿಂದೆ ಸೋಸುವ ಭಾಗ ಹಾಕಿ, ಡಬ್ಬಿ ಮುಚ್ಚಿದಳು.

ಕ್ಯಾಸ್ ಬಂದು ನುಡಿಸಿದ. ನಡುಕ ಹೋಗಿತ್ತು. ಆದರೆ ಅದರ ಜೊತೆ ಅವನ ಸೆಳೆತವೂ ಹೋಗಿತ್ತು. ಸೋಸುವ ಜರಡಿಗೆ ಯಾವುದು ರೋಗ, ಯಾವುದು ಕಲೆ ಎಂದು ಹೇಗೆ ತಿಳಿಯಬೇಕು? ಬೇಗ ಬಂದದ್ದನ್ನೆಲ್ಲ ಅದು ಹಿಡಿದು ನಿಲ್ಲಿಸಿತು. ಫಕ್ಕನೆ ಹಿಂದಕ್ಕೆ ಬರಬೇಕಾದ ಸ್ವರ ಸೋಮಾರಿಯಂತೆ ಜಾರಿಕೊಂಡು ಬಂತು. ಕ್ಯಾಸ್ ಹುಬ್ಬು ಗಂಟಿಕ್ಕಿ, ಇವತ್ತು ಕೈ ಸತ್ತಂತಿದೆ ಎಂದ. ಇನ್ನು ಅಕ್ಟೋಬರಿನವರೆಗೂ ಕಾಯುವುದು ಯಾಕೆ ಎಂದೂ ಅಂದ.

ಆಗ ಬರ್ನಡೀನ್ ಎರಡನೆಯ ಕೆಲಸ ಮಾಡಿದಳು. ಮೊದಲನೆಯದನ್ನು ಮುಚ್ಚಲು ಎರಡನೆಯದು, ಸುಳ್ಳಿನ ಸಂಸಾರ ಬೆಳೆಯುವುದೇ ಹಾಗೆ. ಡಬ್ಬಿಯಿಂದ ಬಂದದ್ದು ಕಪಾಟಿನ ಒಳಗೆ ಹೋಗುವ ಮೊದಲು ತನ್ನ ಕಡೆಯ ಒಂದು ಗುಂಡಿಯನ್ನು ದಾಟಿ ಹೋಗುವಂತೆ ವೈರು ಹಾಕಿದಳು. ಅದನ್ನು ತಿರುಗಿಸಿದರೆ ಕ್ಯಾಸ್ ಮಾಡಿದ್ದು ಎಷ್ಟು ಕೇಳಬೇಕು ಎಂಬುದು ಅವಳ ಕೈಯಲ್ಲಿ. ಅದನ್ನು ಸೊನ್ನೆಗೆ ಇಳಿಸಿ, ಪಕ್ಕದ ಇನ್ನೊಂದು ಗುಂಡಿಯಿಂದ, ಅವನು ಮಾಡಬೇಕಾಗಿದ್ದ ಸೆಳೆತವನ್ನು ತಾನೇ ಮಾಡತೊಡಗಿದಳು. ಅವಳಿಗೆ ಅದು ಬಾಯಿಪಾಠ. ಅಣ್ಣ ಎಲ್ಲಿ ಏರಿಸುತ್ತಾನೆ, ಎಲ್ಲಿ ತಡೆಯುತ್ತಾನೆ, ಯಾವ ಉಸಿರಿನಲ್ಲಿ ಸೆಳೆಯುತ್ತಾನೆ, ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೇಳಿದವಳಿಗೆ ಬಾರದೆ ಇರುತ್ತದೆಯೇ. ಅವನ ಭುಜ ಅಲುಗಿದ್ದನ್ನು ಓರೆಗಣ್ಣಿನಲ್ಲಿ ನೋಡಿ ಅದೇ ಗಳಿಗೆಗೆ ತಾನು ತಿರುಗಿಸುತ್ತಿದ್ದಳು.

“ಬರ್ನಿ,” ಎಂದ ಕ್ಯಾಸ್ ಒಂದು ಮಧ್ಯಾಹ್ನ, ಡಬ್ಬಿಯಿಂದ ತಲೆಯೆತ್ತಿ. “ಕೈ ಬಂತು ಕಣೇ.”

ಅವನ ಮುಖ ಎಷ್ಟು ಅರಳಿತ್ತೆಂದರೆ ಅವಳು ತಿರುಗಿ ನಿಂತು ಮೂಗೊರೆಸಿಕೊಳ್ಳಬೇಕಾಯಿತು. ಆ ದಿನ ಅವಳಷ್ಟು ಸುಖಪಟ್ಟವರು ಯಾರೂ ಇರಲಿಲ್ಲ.

ಕೈ ಬಂತೆಂದು ನಂಬಿದವನು ಮುಂದೇನು ಮಾಡುತ್ತಾನೆ ಎಂದು ಅವಳು ಯೋಚಿಸಿರಲಿಲ್ಲ. ಕ್ಯಾಸ್ ಸೆಪ್ಟೆಂಬರಿನಲ್ಲಿ ಡಾಕ್ಟರ ಹತ್ತಿರ ಹೋಗಲಿಲ್ಲ. ಮಾತ್ರೆ ಹಿಡಿದಿದೆ, ಹೆಚ್ಚಿಸುವುದು ಬೇಡ ಎಂದು ಫೋನಿನಲ್ಲೇ ಹೇಳಿದ. ಲೋಟ ನಡುಗುವುದು ನಿಂತಿಲ್ಲವಲ್ಲ ಎಂದರೆ, ಅದು ಬರೀ ಅಭ್ಯಾಸ, ಮುಖ್ಯವಾದ ಕೆಲಸದಲ್ಲಿ ಕೈ ನೆಟ್ಟಗೆ ನಿಲ್ಲುತ್ತದೆ, ಅಷ್ಟು ಸಾಕು ಎಂದು ವಾದಿಸಿದ. ಕೊನೆಗೆ ಕಾರಿನ ಕೀಲಿ ಕೇಳಲು ಶುರುಮಾಡಿದ. ರೆನಾಟ ಅತ್ತೆಗೆ ಫೋನು ಮಾಡಿ, ಅಪ್ಪ ಹೇಳುವುದು ನಿಜವೇ, ಕೈ ನಿಜವಾಗಿಯೂ ಸರಿಹೋಗಿದೆಯೇ ಎಂದು ಕೇಳಿದಳು. ಅಪ್ಪನ ಮಾತು ನಂಬುವುದಿಲ್ಲ, ನಿಮ್ಮ ಮಾತು ನಂಬುತ್ತೇನೆ ಎಂದಳು. ಕ್ಯಾಸ್ ಎದುರಿಗೇ ಕೂತಿದ್ದ, ಹೇಳು ಎಂಬಂತೆ ಗಲ್ಲ ಎತ್ತಿ ಸನ್ನೆ ಮಾಡುತ್ತಿದ್ದ.

“ನುಡಿಸೋದೇನೋ ಚೆನ್ನಾಗೇ ನುಡಿಸ್ತಾನೆ,” ಎಂದಳು ಬರ್ನಡೀನ್.

ಕೀಲಿ ವಿಷಯ ಅಕ್ಟೋಬರ್ ಕಾರ್ಯಕ್ರಮಕ್ಕೆ ಬಂದಾಗ ನೋಡೋಣ ಎಂದಳು ರೆನಾಟ. ಫೋನು ಇಟ್ಟ ಮೇಲೆ ಬರ್ನಡೀನ್ ಅಣ್ಣನ ಎದುರಿನಿಂದ ಎದ್ದುಹೋಗಿ ಪಾತ್ರೆ ತೊಳೆಯತೊಡಗಿದಳು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ಹೇಳಿದರೆ ಅವನು ಡಬ್ಬಿ ಕೆಳಗಿಡುತ್ತಾನೆ. ಹೇಳದಿದ್ದರೆ ಅವನು ಕಾರು ಹತ್ತುತ್ತಾನೆ. ಕಾರ್ಯಕ್ರಮವೊಂದು ಮುಗಿಯಲಿ, ಅವನು ಒಮ್ಮೆ ಎಲ್ಲರ ಮುಂದೆ ಚೆನ್ನಾಗಿ ನುಡಿಸಿಬಿಡಲಿ, ಆಮೇಲೆ ಎಲ್ಲ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದಳು.

ಸುಗ್ಗಿಯ ಊಟದ ಭಾನುವಾರ ಚರ್ಚಿನ ಸಭಾಂಗಣ ಎಲೆಕೋಸು, ಸಾಸೇಜಿನ ವಾಸನೆಯಿಂದ ತುಂಬಿತ್ತು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಮೇಜುಗಳನ್ನು ಗೋಡೆಗೆ ಸರಿಸಿದರು, ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿದರು. ಬಂದವರಲ್ಲಿ ಅರ್ಧ ಜನಕ್ಕೆ ಈ ಸಂಗೀತದ ತಲೆಬುಡ ತಿಳಿಯುತ್ತಿರಲಿಲ್ಲ, ಆದರೆ ನಮ್ಮ ಕ್ಯಾಸ್, ನಮ್ಮ ಬರ್ನಿ ಎಂದು ಬಂದು ಕೂತರು. ರೆನಾಟ ಮೊದಲ ಸಾಲಿನಲ್ಲಿದ್ದಳು. ಕ್ಯಾಸ್ ಹೊಸ ಅಂಗಿ ಹಾಕಿಕೊಂಡು, ಗುಂಡಿಗಳನ್ನು ತಾನೇ ಹಾಕಿಕೊಂಡೆ ಎಂದು ಮಗಳಿಗೆ ಹೇಳಿ, ಡಬ್ಬಿಯನ್ನು ತೊಡೆಗೇರಿಸಿದ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ತಗ್ಗಿನ ಸ್ವರವೊಂದು ನೆಲದಿಂದೆದ್ದಂತೆ ಎದ್ದಿತು, ಅದರ ಮೇಲೆ ಇನ್ನೊಂದು ಬಂದು ಕೂತಿತು, ಎರಡೂ ಕೂಡಿ ನಿಧಾನವಾಗಿ ಉಸಿರಾಡತೊಡಗಿದವು. ಬರ್ನಡೀನ್ ಅಣ್ಣನ ಭುಜ ನೋಡುತ್ತ, ಅವನ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುತ್ತ ತಿರುಗಿಸಿದಳು. ಒಂದು ಸೆಳೆತಕ್ಕೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡರು. ಇನ್ನೊಂದಕ್ಕೆ ರೆನಾಟಳ ಕಣ್ಣು ತುಂಬಿತು.

ಸ್ವರ ಅಷ್ಟು ಚೆನ್ನಾಗಿತ್ತು, ಅದೇ ತಪ್ಪಾಯಿತು. ಬರ್ನಡೀನ್ ಅದರೊಳಗೆ ಮುಳುಗಿದಳು. ಭುಜ ನೋಡುವುದನ್ನು ಬಿಟ್ಟಳು, ಕಣ್ಣು ಮುಚ್ಚಿಕೊಂಡಳು. ಕೈಗೆ ಎಲ್ಲ ಗೊತ್ತಿತ್ತು, ಕಣ್ಣಿನ ಅಗತ್ಯವಿರಲಿಲ್ಲ. ಕೊನೆಯ ದೊಡ್ಡ ಏರಿಕೆ ಶುರುವಾಯಿತು. ಸ್ವರ ಅಗಲವಾಗುತ್ತ, ಬಿರಿಯುತ್ತ, ಸಭಾಂಗಣದ ಕಿಟಕಿ ಗಾಜು ಸಣ್ಣಗೆ ಝಲ್ ಎನ್ನುವಷ್ಟು ಏರಿತು. ಕ್ಯಾಸ್ ತಡೆಯುವಷ್ಟೇ ಹೊತ್ತು ಅವಳು ತಡೆದಳು. ಆಮೇಲೆ ಸೆಳೆದಳು. ಇಡೀ ಜೀವನದಲ್ಲಿ ಕ್ಯಾಸ್ ಅದಕ್ಕಿಂತ ಚೆನ್ನಾಗಿ ಸೆಳೆದಿರಲಿಲ್ಲ.

ಕಣ್ಣು ತೆರೆದಳು. ಕ್ಯಾಸ್‌ನ ಎರಡೂ ಕೈಗಳು ಡಬ್ಬಿಯ ಮೇಲಿರಲಿಲ್ಲ. ಏರಿಕೆಯ ನಡುವೆ ಅವನ ಬಲಗೈ ಸೆಟೆದುಕೊಂಡುಬಿಟ್ಟಿತ್ತು. ಅದನ್ನು ಸಡಿಲಿಸಲು ಡಬ್ಬಿಯಿಂದ ತೆಗೆದು ಎಡಗೈಯಿಂದ ಒತ್ತಿ ಎದೆಗೆ ಹಿಡಿದುಕೊಂಡಿದ್ದ. ಹಾಗೆ ಹಿಡಿದುಕೊಂಡೇ ಅವನು ತನ್ನ ಸೆಳೆತವನ್ನು ಕೇಳಿದ್ದ.

ಅವನು ಡಬ್ಬಿ ನೋಡಿದ, ದಪ್ಪ ಕೇಬಲಿನ ಉದ್ದಕ್ಕೂ ದೃಷ್ಟಿ ಹಾಯಿಸಿದ, ಅವಳ ಕೈ ಇದ್ದ ಗುಂಡಿಯನ್ನು ನೋಡಿದ. ಎಲ್ಲ ಅರ್ಥವಾದದ್ದು ಅವಳಿಗೆ ಕಾಣಿಸಿತು. ಅವಳ ಕೈ ಗುಂಡಿಯ ಮೇಲೆಯೇ ಮರಗಟ್ಟಿತು. ಸ್ವರ ಮುಂದಿನ ಅಲುಗಾಟಕ್ಕೆ ಕಾಯುತ್ತ ಬರೀ ಗುಂಯ್ ಎನ್ನತೊಡಗಿತು, ಜನ ಕುರ್ಚಿಯಲ್ಲಿ ಮಿಸುಕಾಡಿದರು.

ಆಗ ಕ್ಯಾಸ್ ಬಲಗೈಯನ್ನು ಮೆಲ್ಲನೆ ಡಬ್ಬಿಯ ಮೇಲಿಟ್ಟು ತಿರುಗಿಸಲು ಶುರುಮಾಡಿದ. ತಾನು ತಿರುಗಿಸಿದ್ದಕ್ಕೂ ಕೇಳುವುದಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದೂ ತಿರುಗಿಸಿದ. ಮಗಳು ನೋಡುತ್ತಿದ್ದಳು, ಊರವರು ನೋಡುತ್ತಿದ್ದರು. ಭುಜ ಅಲುಗಿಸಿ ತಂಗಿಗೆ ಸನ್ನೆ ಕೊಟ್ಟ, ಈಗ ಎಂಬಂತೆ. ಅವಳು ಗುಂಡಿ ತಿರುಗಿಸಿದಳು. ಕೊನೆಯವರೆಗೂ ಇಬ್ಬರೂ ಹಾಗೆಯೇ ನುಡಿಸಿದರು, ಅಂದರೆ ಅವಳು ನುಡಿಸಿದಳು, ಅವನು ನಟಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರೆನಾಟ ಅಪ್ಪನನ್ನು ತಬ್ಬಿಕೊಂಡು ಅತ್ತಳು. ಕೈಚೀಲದಿಂದ ಕಾರಿನ ಕೀಲಿ ತೆಗೆದು ಅವನ ಮುಂದೆ ಹಿಡಿದಳು. ಕ್ಯಾಸ್ ಅದನ್ನು ನೋಡಿ, ಬೇಡ, ನಿನ್ನ ಹತ್ತಿರವೇ ಇರಲಿ, ಅತ್ತೆ ಬಿಟ್ಟುಬರುತ್ತಾಳೆ ಎಂದ. ನಾಳೆ ಡಾಕ್ಟರಿಗೆ ಫೋನು ಮಾಡಬೇಕು, ನೆನಪಿಸು ಎಂದೂ ಹೇಳಿದ. ಅವಳು ಯಾಕೆಂದು ಕೇಳಿದ್ದಕ್ಕೆ ಅವಳ ಕೆನ್ನೆ ತಟ್ಟಿದ. ಬಂದವರಿಗೆಲ್ಲ ಒಬ್ಬೊಬ್ಬರಾಗಿ ಥ್ಯಾಂಕ್ಸ್ ಹೇಳಿದ, ಕೊಟ್ಟ ಕೇಕು ತಿಂದ.

ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬರ್ನಡೀನ್ ಅಣ್ಣನನ್ನು ಕೂರಿಸಿಕೊಂಡು ಬ್ರಾಡ್‌ವೇ ರಸ್ತೆ ದಾಟಿದಳು. ಬಿಸಿಲಿನ್ನೂ ಇತ್ತು, ಎಲೆ ಗುಡಿಸುತ್ತಿದ್ದವರು ಕೈಬೀಸಿದರೆ ಅವನೂ ಬೀಸಿದ.

“ಯಾವಾಗಿಂದ?” ಎಂದ.

“ಆಗಸ್ಟಿಂದ.”

“ಕೈ ಬಂತು ಅಂದ್ನಲ್ಲ, ಆವತ್ತು?”

“ಅದೂ ನಾನೇ.”

ಅವನು ತಲೆಯಾಡಿಸಿದ. ಮುಂದಿನ ಸಿಗ್ನಲ್ಲಿನಲ್ಲಿ ಅವಳು ಶುರುಮಾಡಿದಳು. ನೀನು ಬಿಟ್ಟುಬಿಡುತ್ತೀಯಾ ಅಂತ ಹೆದರಿಕೆಯಾಯಿತು, ಕಾರ್ಯಕ್ರಮ ಮುಗಿದ ಮೇಲೆ ಹೇಳಬೇಕು ಅಂತಿದ್ದೆ, ನಿನ್ನ ಒಳ್ಳೆಯದಕ್ಕೇ ಅಂತ ಮಾಡಿದೆ, ಹೀಗೆ ತನಗೆ ತಾನೇ ಹೇಳಿಕೊಂಡಿದ್ದ ಸಮಾಧಾನಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹಿಂದಿನ ಕಾರಿನವನು ಹಾರನ್ ಹೊಡೆದ. ಕ್ಯಾಸ್ ಅವಳು ಮುಗಿಸುವವರೆಗೂ ಕೇಳಿದ. ಅವನ ಮನೆಯ ಮುಂದೆ ಕಾರು ನಿಂತಿತು.

“ಚೆನ್ನಾಗಿತ್ತು ಕಣೇ,” ಎಂದ. “ಆ ಕೊನೇದು. ನನಗೂ ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.”

“ಕ್ಯಾಸ್, ಹಾಗನ್ಬೇಡ.”

“ಇಲ್ಲ, ಕೇಳು. ವಸಂತದಲ್ಲಿ ಜನರ ಮುಂದೆ ನಡುಗ್ದಾಗ ನಂಗೆ ನಾಚ್ಕೆ ಆಗಿತ್ತು, ನಿಜ. ಪಕ್ಕದಲ್ಲಿ ನೀನಿದೀಯಲ್ಲ, ಬರ್ನಿಗೆ ನಾಚ್ಕೆ ಆಗಿರಲ್ಲ ಅಂತ ಅಂದ್ಕೊಂಡೇ ಮನೆಗೆ ಬಂದೆ. ನಿಂಗೂ ಆಗಿತ್ತು ಅಂತ ಇವತ್ತು ಗೊತ್ತಾಯ್ತು.”

ಹಾಗಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಗ್ಯಾಲರಿಯಲ್ಲಿ ಸ್ವರ ಗಡಗಡ ಎಂದಾಗ ತಗ್ಗಿಸಿದ ತಲೆ ನೆನಪಾಯಿತು. ಅಣ್ಣನ ಸಂಕಟಕ್ಕೆ ತಗ್ಗಿಸಿದ್ದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. ಅಲ್ಲ, ಮುಖ ಕೆಂಪಾಗಿತ್ತು, ಯಾರಿಗೂ ಕಾಣದಿರಲಿ ಎಂದು ತಗ್ಗಿಸಿದ್ದಳು.

ಕ್ಯಾಸ್ ಸೀಟಿನ ಪಟ್ಟಿ ಬಿಚ್ಚಲು ಕೈ ಹಾಕಿದ. ಬೆರಳು ಕೆಂಪು ಗುಂಡಿಯ ಮೇಲೆ ನಿಲ್ಲದೆ ಅತ್ತಿತ್ತ ಜಾರಿತು. ಅವಳ ಕೈ ತಾನಾಗಿ ಮುಂದೆ ಹೋಯಿತು.

“ಬಿಡು,” ಎಂದ ಅವನು.

ಅವಳು ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಕೂತಳು. ಪ್ಲಾಸ್ಟಿಕ್ಕಿನ ಮೇಲೆ ಉಗುರು ಟಕಟಕ ಬಡಿಯುವುದು ಕೇಳಿಸುತ್ತಿತ್ತು. ನೋಡಿದರೆ ಅವನಿಗೆ ನೋವಾಗುತ್ತದೆಯೋ, ನೋಡದಿದ್ದರೆ ನೋವಾಗುತ್ತದೆಯೋ ಅವಳಿಗೆ ತಿಳಿಯಲಿಲ್ಲ. ತಲೆ ಮಾತ್ರ ತಗ್ಗಿಸಲಿಲ್ಲ. ಬಹಳ ಹೊತ್ತಾದ ಮೇಲೆ ಪಟ್ಟಿ ಬಿಚ್ಚಿಕೊಂಡಿತು. ಅವನು ಇಳಿದು, ಹಿಂದಿನ ಸೀಟಿನಲ್ಲಿದ್ದ ಡಬ್ಬಿಯನ್ನು ಮುಟ್ಟದೆ, ಒಳಗೆ ಹೋದ.